ಹಾಯಿದೋಣಿಯ ಕಾವಲು ಡಬ್ಬಿ

ಯಾರಾದರೂ ನನ್ನ ಮೇಲೆ ಕಣ್ಣಿಟ್ಟರೆ ನನಗಾಗುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು. ಆದ್ದರಿಂದ ಈಗ ಹೇಳಹೊರಟಿರುವುದು ಸ್ವಲ್ಪ ನಾಚಿಕೆಯ ಸಂಗತಿ. ಭೂಗೋಳದ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ದಿಗ್ಗೇವಾಡಿಯ ಅಂಬಿಗರ ಭೀಮಣ್ಣನಿಂದ ಒಂದು ಹಳೆಯ ದೋಣಿ ಕೊಂಡು, ಅದಕ್ಕೆ ಹಾಯಿ ಕಟ್ಟಿದೆ. ಅಷ್ಟು ವರ್ಷ ಗಾಳಿಯನ್ನು ಕರಿಹಲಗೆಯ ಮೇಲೆ ಬಾಣದ ಗುರುತು ಹಾಕಿ ಬೀಸಿಸಿದವನ ಆಸೆ ಅದು. ಹಾಯಿಯ ಬಟ್ಟೆ ಅಥಣಿಯ ಕಡೆಯ ಒಣದ್ರಾಕ್ಷಿ ಶೆಡ್ಡಿನ ಹಳೆಯ ತಾಡಪತ್ರಿ, ಅಂದರೆ ಟಾರ್ಪಾಲು. ಬಿಸಿಲೇರಿದರೆ ಈಗಲೂ ದ್ರಾಕ್ಷಿಯ ವಾಸನೆ ಬರುತ್ತದೆ, ಅದರ ಹಿಂದೆ ನಾಲ್ಕು ಕಣಜಗಳೂ ಬರುತ್ತವೆ. ನಾವು ಜೈನರು, ಮೀನು ಹಿಡಿಯುವವರಲ್ಲ. ಹೊಳೆಯ ಆಚೆ ದಡದಲ್ಲಿ ಹೊಲವೂ ಇಲ್ಲ. ಹಾಗಾದರೆ ದೋಣಿ ಯಾಕೆ ಎಂದು ಯಾರಾದರೂ ಕೇಳಿದರೆ ನಾನು ಗಾಳಿಯ ಮಾತೆತ್ತುತ್ತೇನೆ, ಅವರು ಎದ್ದು ಹೋಗುತ್ತಾರೆ.

ಹೆಂಡತಿ ಪದ್ಮಾ ಮಾತ್ರ ಎದ್ದು ಹೋಗಲಿಲ್ಲ, ಫೋನು ಹಿಡಿದಳು. ತಂಗಿಯ ಮೊಣಕಾಲಿನ ಆಪರೇಷನ್ ಎಂದು ಹದಿನೈದು ದಿನಕ್ಕೆ ನಿಪ್ಪಾಣಿಗೆ ಹೋದವಳು ಅಲ್ಲಿಂದಲೇ ಹತ್ತು ನಿಮಿಷಕ್ಕೊಮ್ಮೆ ಎಲ್ಲಿದ್ದೀರಿ ಎಂದು ಕೇಳುತ್ತಿದ್ದಳು. ನೀರಿನಲ್ಲಿದ್ದೇನೆ ಎಂದು ಹೇಳಿ ಹೇಳಿ ಸಾಕಾಗಿತ್ತು. ಒಂದು ಕೈಯಲ್ಲಿ ಹಾಯಿಯ ಹಗ್ಗ, ಇನ್ನೊಂದರಲ್ಲಿ ಫೋನು ಹಿಡಿದು ಒಮ್ಮೆ ದೋಣಿ ಮಗುಚುವುದರಲ್ಲಿತ್ತು. ಈ ಕಾಟ ತಪ್ಪಲೆಂದು ಸಮುದ್ರದ ಹಾಯಿದೋಣಿಗಳವರು ಇಟ್ಟುಕೊಳ್ಳುವ ಒಂದು ಕಾವಲು ಡಬ್ಬಿಯನ್ನು ತರಿಸಿದೆ. ಸುತ್ತಮುತ್ತ ಹಡಗು ಬಂದರೆ ಅದು ಪರದೆಯ ಮೇಲೆ ತೋರಿಸುತ್ತದೆ. ಹತ್ತು ನಿಮಿಷಕ್ಕೊಮ್ಮೆ ಗುಂಡಿ ಒತ್ತದಿದ್ದರೆ, ನಾನು ನಿದ್ದೆ ಹೋಗಿದ್ದೇನೆಂದು ತಿಳಿದು ಕಿರುಚುತ್ತದೆ. ಇವೆಲ್ಲಕ್ಕಿಂತ ಮುಖ್ಯವಾಗಿ, ನನ್ನ ದೋಣಿಯನ್ನು ಪದ್ಮಾಳ ಫೋನಿನ ನಕಾಶೆಯಲ್ಲಿ ಒಂದು ಚುಕ್ಕೆಯಾಗಿ ಕೂರಿಸುತ್ತದೆ. ಭೀಮಣ್ಣ ಡಬ್ಬಿಯನ್ನು ತಿರುಗಿಸಿ ನೋಡಿ, "ಸರ್, ನಮ್ಮ ಹೊಳ್ಯಾಗ ಹಡಗ ಬರೂದಿಲ್ರಿ, ಎಮ್ಮಿ ಬರ್ತಾವ," ಎಂದ.

ಡಬ್ಬಿ ಚೊಕ್ಕಟವಾಗಿ ಕೆಲಸ ಮಾಡಿತು. ಅಂದಿನಿಂದ ಪದ್ಮಾಳ ಫೋನು ಬರುವುದು ನಿಂತೇಹೋಯಿತು. ಚುಕ್ಕೆ ಕಾಣುವಾಗ ಗಂಡನನ್ನು ಏನು ಕೇಳುವುದು? ನಿಪ್ಪಾಣಿಯ ಹದಿನೈದು ದಿನ ನಾಲ್ಕು ತಿಂಗಳಾಯಿತು. ಪರದೆಯ ಮೇಲೆ ದಿನವೂ ಒಂದೇ ಬರಹ: ಸಮೀಪದಲ್ಲಿ ಯಾರೂ ಇಲ್ಲ. ಮನೆಗೆ ಹೋದರೂ ಅದೇ ಸ್ಥಿತಿ. ಹೊತ್ತು ಮುಳುಗುವ ಮುಂಚೆ ಒಬ್ಬನೇ ಕುಳಿತು ಎರಡು ರೊಟ್ಟಿ ತಿಂದರೆ ಮುಗಿಯಿತು. ಇನ್ನೂ ನಾಚಿಕೆಯ ಮಾತೆಂದರೆ, ಡಬ್ಬಿಯನ್ನು ಮನೆಯಲ್ಲೂ ಆರಿಸುತ್ತಿರಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ನಾನಿದ್ದೇನೋ ಇಲ್ಲವೋ ಎಂದು ವಿಚಾರಿಸುವುದು ಅದೊಂದೇ.

ಅವಳ ಫೋನು ಬರಲೆಂದು ಏನೆಲ್ಲ ಮಾಡಿದೆ! ಹೊಳೆಯ ನಡುವೆ ಲಂಗರಿನ ಕಲ್ಲು ಇಳಿಬಿಟ್ಟು ಎರಡು ತಾಸು ಅಲ್ಲಾಡದೆ ಕುಳಿತೆ. ಸಂಜೆ ನಾನೇ ಫೋನು ಮಾಡಿದರೆ, ನೋಡಿದೆ, ಆರಾಮಾಗಿ ಕುಳಿತಿದ್ದಿರಿ ಎಂದಳು. ಮರುದಿನ ಗಾಣದೆತ್ತಿನ ಹಾಗೆ ಸುತ್ತಿದೆ. ಗಾಳಿ ಚಲೋ ಇರಬೇಕು ಅಂದುಕೊಂಡಳಂತೆ. ಕೊನೆಗೆ ಮೊನ್ನೆ ನೀರಿನ ನಡುವೆಯೇ ಡಬ್ಬಿಯನ್ನು ಆರಿಸಿಬಿಟ್ಟೆ.

ಎರಡೇ ನಿಮಿಷಕ್ಕೆ ಫೋನು ಬಂತು. ನನಗೆ ಹಿಗ್ಗೋ ಹಿಗ್ಗು. ಆದರೆ ನಾನು ಹಲೋ ಎನ್ನುವ ಮೊದಲೇ ಅವಳು ಶುರುಮಾಡಿದಳು. "ಚುಕ್ಕಿ ಹೋತಲ್ರಿ, ನನ್ನ ಎದಿ ಧಸಕ್ಕಂತು. ದಿನಾ ಅದನ್ನ ಎದುರಿಗಿಟ್ಕೊಂಡ ರೊಟ್ಟಿ ಬಡೀತೀನಿ. ಯಾಕ, ಏನಾತು?"

ಬೇಸರವಾಗಿದೆ, ಬಂದುಬಿಡು ಎನ್ನಬೇಕಿತ್ತು. ಒಂದು ಕಾಲಕ್ಕೆ ಏಳು ಸಮುದ್ರಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದ ಬಾಯಿಗೆ ಅಷ್ಟು ಬರಲಿಲ್ಲ. ಬ್ಯಾಟರಿ ಮುಗಿದಿತ್ತು ಎಂದೆ. ದಿನಾ ತಪ್ಪದೆ ಚಾರ್ಜಿಗೆ ಹಾಕಬೇಕೆಂದು ಆಣೆ ಮಾಡಿಸಿಕೊಂಡಳು. ಈಗ ತಪ್ಪದೆ ಹಾಕುತ್ತೇನೆ, ಅರ್ಧದಷ್ಟು.