ನಾನು ತಿನ್ನದ ಕೋಳಿ

ಒಂದು ಪೇಚಾಟ ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ನಮ್ಮ ಹಿತ್ತಲಲ್ಲಿ ಬಂದು ನಿಂತಿರುತ್ತದೆ. ನನ್ನ ಹಣೆಬರಹವೇ ಅಂಥದು. ಉಮರ್ಗಾದಲ್ಲಿ ನನ್ನದು ವೆಲ್ಡಿಂಗ್ ಅಂಗಡಿ. ಸ್ನಾನದ ನೀರು ಕಾಯಿಸುವ ಬಂಬ ಮಾಡಿಯೇ ಸಂಸಾರ ನಡೆಸಿದವನು. ಈಗ ಮನೆಮನೆಗೂ ಗೀಸರ್ ಬಂದು ಬಂಬ ಕೇಳುವವರಿಲ್ಲ. ಅಂಗಡಿ ಮುಚ್ಚುವುದೊಂದೇ ಬಾಕಿ ಅನ್ನುವಾಗ ಹೈವೇ ಮೇಲಿನ ಢಾಬಾದ ಮಾಲಕರೊಬ್ಬರು ಮೊಬೈಲಿನಲ್ಲಿ ಒಂದು ಯಂತ್ರ ತೋರಿಸಿದರು. ಪೆಲೆಟ್ ಗ್ರಿಲ್. ಕಟ್ಟಿಗೆಯ ಪುಡಿ ಒತ್ತಿ ಮಾಡಿದ ಗುಳಿಗೆಗಳು ಒಂದೊಂದಾಗಿ ಒಳಗೆ ಬಿದ್ದು ಸಣ್ಣಗೆ ಉರಿಯುತ್ತವೆ, ಆ ಹೊಗೆಯಲ್ಲಿ ಕೋಳಿ ಬೇಯುತ್ತದೆ.

"ಇಂಥಾದ್ದು ಒಂದು ಮಾಡು. ಬರೂ ಐತಾರ ನಿಮ್ಮ ಮನಿಗೇ ಬರ್ತೀನಿ. ಕೋಳಿ ರಸಾ ಇದ್ದರ ಮೂರು ಮಷೀನ್ ನಿನ್ನ ಕಡಿಂದೇ. ಒಣಗಿದ್ರ ಶರಣು ಶರಣಾರ್ಥಿ," ಅಂದರು.

ಹೂಂ ಎಂದು ಮನೆಗೆ ಬಂದ ಮೇಲೆ ನಿಜವಾದ ಪೇಚಾಟ ಹೊಳೆಯಿತು. ನಾವು ಲಿಂಗ ಕಟ್ಟಿಕೊಂಡವರು. ಕೋಳಿಯ ರುಚಿ ಹೇಗಿರುತ್ತದೆಂದು ನನ್ನ ನಾಲಿಗೆಗೆ ಗೊತ್ತೇ ಇಲ್ಲ.

೧. ಬಾಜೂ ಮನೆಯ ಬಕೀಟು

ಯಂತ್ರವೇನೋ ತಯಾರಾಯಿತು. ಆದರೆ ಅವ್ವನಿಗೆ ಹೇಗೆ ಹೇಳುವುದೆಂಬ ಚಿಂತೆಯಲ್ಲಿ ಎರಡು ದಿನ ಊಟ ಸೇರಲಿಲ್ಲ. ಹಿತ್ತಲಲ್ಲಿಟ್ಟು ಖಾಲಿ ಉರಿಸಿ ನೋಡುತ್ತಿದ್ದೆ. ಚಿಮಣಿಯ ಹೊಗೆ ಕಂಡು ಬಾಜೂ ಮನೆಯ ಹಿರಿಯ ಹೆಂಗಸು, ನಾವು ಕಾಕು ಅನ್ನುವವರು, ಬಕೀಟು ಹಿಡಿದು ಬಂದೇಬಿಟ್ಟರು.

"ಹೊಸಾ ಬಂಬ ಏನೋ ತಮ್ಮಾ? ನಮ್ಮ ಗೀಸರ್ ಕೆಟ್ಟದ. ಒಂದು ಬಕೀಟ್ ಬಿಸಿನೀರ ಕೊಡು."

ನಾನು ತಡಬಡಿಸುತ್ತಿದ್ದಾಗ ಒಳಗಿನಿಂದ ಅವ್ವನ ಧ್ವನಿ ಬಂತು. ಹೆಂಡತಿ ಆಗಲೇ ಎಲ್ಲ ಹೇಳಿಬಿಟ್ಟಿದ್ದಳು.

"ಅದರಾಗ ನಿನಗ ನೀರ್ ಸಿಗಂಗಿಲ್ಲವ್ವಾ. ನನ್ನ ಮಗಾ ಅದರಾಗ ಕೋಳಿಗಿ ಜಳಕಾ ಮಾಡಸಾಂವ ಇದ್ದಾನ."

೨. ಇಬ್ಬರ ಔಷಧಿ

ಪಾತ್ರೆ ಬೇರೆ, ಚಾಕು ಬೇರೆ, ಹೊಸ್ತಿಲು ದಾಟಿಸಬಾರದು ಎಂದು ಅವ್ವ ಕರಾರು ಹಾಕಿದಳು. ಇನ್ನು ಕೋಳಿ ತರಬೇಕು. ಉಮರ್ಗಾದಲ್ಲಿ ಕೊಂಡರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಅದಕ್ಕೇ ಹೆಲ್ಮೆಟ್ ಹಾಕಿಕೊಂಡು ಪಕ್ಕದ ಊರು ಮುರುಮಕ್ಕೆ ಹೋದೆ. ಅಂಗಡಿಯಲ್ಲೂ ಹೆಲ್ಮೆಟ್ ತೆಗೆಯಲಿಲ್ಲ. ಬೆವರು ಕಣ್ಣಿಗಿಳಿಯುತ್ತಿತ್ತು. ಪಕ್ಕದಲ್ಲಿ ಇನ್ನೊಬ್ಬರು, ಅವರೂ ಹೆಲ್ಮೆಟ್ ತೆಗೆದಿರಲಿಲ್ಲ. ಕಾಲಿನ ಚಪ್ಪಲಿ ನೋಡಿದೆ. ನನ್ನ ಸೋದರಮಾವ! ಅವರೂ ನನ್ನ ಚಪ್ಪಲಿಯನ್ನೇ ನೋಡುತ್ತಿದ್ದರು.

"ಔಷಧಿ ಒಯ್ಲಾಕ ಬಂದಿದ್ದೆ," ಅಂದರು ಮಾವ.

"ನಾನೂ ಅದಕ್ಕೇ ರೀ, ಮಾಮಾ."

ಅಂಗಡಿಯವನು ತಕ್ಕಡಿ ಕೆಳಗಿಟ್ಟು ಕೇಳಿದ: "ಇಬ್ಬರದೂ ಔಷಧಿ ತಯಾರ್ ಅದ. ಕಟ್ ಮಾಡಲೇನು, ಇಡೀದೇ ಒಯ್ತೀರಿ?"

೩. ಮುಚ್ಚಳ

ಮೊದಲನೆಯ ಕೋಳಿಯ ರುಚಿ ನೋಡಲು ಎದುರು ಮನೆಯ ಲಾರಿ ಡ್ರೈವರ್ ಭಾಯಿಯನ್ನು ಕರೆದೆ. ಬಹಳ ಮರ್ಯಾದೆಯ ಮನುಷ್ಯ. ಒಂದು ತುತ್ತು ಬಾಯಿಗಿಟ್ಟು "ಬಹುತ್ ಅಚ್ಛಾ ಆಗ್ಯಾದ" ಅಂದ. ನನಗೆ ಜೀವ ಬಂದಂತಾಯಿತು. ಚಹಾ ಮಾಡಿಸಿಕೊಂಡು ಬಂದೆ, ಅದೇ ತುತ್ತನ್ನು ಅಗಿಯುತ್ತಿದ್ದ.

ಆಮೇಲೆ ವಿಡಿಯೋ ನೋಡಿ ಕಲಿತೆ. ಉಪ್ಪುನೀರಿನಲ್ಲಿ ನಾಲ್ಕು ತಾಸು ನೆನೆಸಬೇಕು, ಉರಿ ಸಣ್ಣಗಿರಬೇಕು, ಮುಖ್ಯವಾಗಿ ಮುಚ್ಚಳ ಪದೇಪದೇ ತೆಗೆಯಬಾರದು. ಎಲ್ಲ ಸರಿ, ಆದರೆ ಒಳಗೆ ಒಣಗುತ್ತಿದೆಯೇನೋ ಎಂಬ ದಿಗಿಲಿಗೆ ಕೂತಲ್ಲಿ ಕೂರಲಾಗಲಿಲ್ಲ. ಎಂಟನೆಯ ಸಲ ಎದ್ದು ಹೊರಟಾಗ ಹೆಂಡತಿ ಅಡ್ಡ ನಿಂತಳು.

"ನಾ ದವಾಖಾನಿದಾಗ ಹೆರಿಗಿಗಿ ಒದ್ದಾಡ್ಲಿಕತ್ತಾಗ ನೀವು ಬೆಂಚಿನ ಮ್ಯಾಲ ಗೊರಕಿ ಹೊಡೀಲಿಕತ್ತಿದ್ರಿ. ಈಗ ಕೋಳಿಗಿ ಇಷ್ಟು ಕಳಕಳಿ!"

ಅವತ್ತಿನಿಂದ ಮುಚ್ಚಳ ಮುಟ್ಟಲಿಲ್ಲ.

೪. ಐತಾರ

ಮಾಲಕರು ಬಂದರು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಹಿಂದೆ ಅವರ ಅಡುಗೆಯವನು. ಬೇವಿನ ಮರದ ಕೆಳಗೆ ಮಂಚ ಹಾಕಿ, ಕೆಂಪಗೆ ಹೊಳೆಯುವ ಕೋಳಿಯನ್ನು ಮುಂದಿಟ್ಟೆ. ಅವರು ಸುತ್ತಲೂ ತಿರುಗಿ ನೋಡಿದರೇ ಹೊರತು ಮುಟ್ಟಲಿಲ್ಲ.

"ತಿನ್ರೀ ಮಾಲಕ್."

"ಮೊದಲ ನೀ ತಿನ್ನು."

"ನಾವು ತಿನ್ನಂಗಿಲ್ಲ ರೀ."

ಅವರು ಅತ್ತಿತ್ತ ನೋಡಿ, ಅಂಗಿಯ ಗುಂಡಿ ಬಿಚ್ಚಿ ಕೊರಳಿನ ಲಿಂಗದ ದಾರ ತೋರಿಸಿದರು. "ನಾನೂ ತಿನ್ನಂಗಿಲ್ಲಪಾ."

"ಮತ್ತ ಇಷ್ಟು ವರ್ಷ ಢಾಬಾ?"

"ಗಲ್ಲಾದ ಮ್ಯಾಲ ಕೂಡ್ತೀನಿ. ಗಿರಾಕಿ ಮಾರಿ ನೋಡಿ ರುಚಿ ತಿಳಕೋತೀನಿ. ಅದಕ್ಕೇ ಇಂವನ್ನ ಕರಕೊಂಡು ಬಂದೀನಿ. ಏ, ತಿನ್ನೋ."

ಅಡುಗೆಯವನು ಕೈಮುಗಿದ. "ಇವತ್ತ ನಂದು ಏಕಾದಶಿ ಉಪಾಸ ರೀ."

"ಹಾದ್ಯಾಗ ಯಾಕ ಹೇಳಲಿಲ್ಲೋ?"

"ನೀವು ಕೇಳಲಿಲ್ಲ ರೀ."

ಭಾಯಿ ಲಾರಿ ಹೊಡೆದುಕೊಂಡು ಹೈದರಾಬಾದಿಗೆ ಹೋಗಿದ್ದ. ಮೂರು ಮಂದಿ ಗಂಡಸರು ಒಂದು ಕೋಳಿಯ ಸುತ್ತ ಕೈಕಟ್ಟಿಕೊಂಡು ನಿಂತೆವು. ಅದು ಆರುತ್ತಿತ್ತು. "ಮುಂದ ಯಾವಾಗಾರ ನೋಡಮು," ಎಂದು ಮಾಲಕರು ಚಪ್ಪಲಿ ಮೆಟ್ಟಿದರು. ನನ್ನ ಅಂಗಡಿಯ ಶಟರ್ ಇಳಿಯುವ ಸದ್ದೇ ಕಿವಿಗೆ ಬಿದ್ದಂತಾಯಿತು. ಅಳು ಬರುವುದೊಂದು ಬಾಕಿ.

"ತಿನ್ನಬ್ಯಾಡ್ರಿ ಮಾಲಕ್, ಚಮಚಾಲೇ ಒಮ್ಮಿ ಒತ್ತಿಯಾರ ನೋಡ್ರಿ!" ಎಂದು ಬೇಡಿಕೊಂಡೆ.

ಒಲ್ಲದ ಮನಸ್ಸಿನಿಂದಲೇ ಚಮಚ ತೆಗೆದುಕೊಂಡು, ಬಗ್ಗಿ, ಎದೆಯ ಭಾಗದ ಮೇಲೆ ಜೋರಾಗಿ ಒತ್ತಿದರು. ಚಿಳ್ ಎಂದು ರಸ ಹಾರಿತು. ಕಾಲರಿನಿಂದ ಹೊಟ್ಟೆಯವರೆಗೆ ಬಿಳಿ ಅಂಗಿಯೆಲ್ಲ ಅರಿಸಿನ, ಖಾರ, ಜಿಡ್ಡು. ಮಾಲಕರು ತಮ್ಮ ಅಂಗಿಯನ್ನೇ ಬಹಳ ಹೊತ್ತು ನೋಡಿಕೊಂಡರು.

"ಮೂರು ಮಷೀನ್ ಬರಕೋ," ಅಂದರು ಕೊನೆಗೆ. "ಆದರ ಮೊದಲ ನಿಂದೊಂದು ಅಂಗಿ ಕೊಡು. ಹಿಂಗೇ ಮನಿಗಿ ಹೋದರ ನಮ್ಮಾಕಿ ನನಗ ಢಾಬಾದಾಗೇ ಮಲಗಸ್ತಾಳ!"