ಸಮುದ್ರಕ್ಕೆ ಹಾಕಿದ ಏರಿ

ಘಟ್ಟದ ಮೇಲಿನವರಿಗೆ ಸಮುದ್ರವೆಂದರೆ ಸ್ವಲ್ಪ ಸದರ. ನಮ್ಮ ಹಳ್ಳಗಳೇ ಅಲ್ಲವೇ ಇಳಿದು ಹೋಗಿ ಅದನ್ನು ತುಂಬಿಸುವುದು! ಸಕಲೇಶಪುರದ ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ ಬರೆದು ಕೆಲಸ ಮಾಡಿಸುವ ರೈಟರ್ ಆಗಿರುವ ನನಗಂತೂ ಈ ಸದರ ಒಂದು ಕೈ ಹೆಚ್ಚೇ ಇತ್ತು. ಆಳುಗಳ ಕೈಯಲ್ಲಿ ಚರಂಡಿ ತೆಗೆಸಿ, ಬದು ಹಾಕಿಸಿ, ನೀರು ನನ್ನ ಮಾತು ಕೇಳುತ್ತದೆ ಎಂದೇ ನಂಬಿದ್ದೆ.

ನನ್ನ ಹೆಂಡತಿ ಸರೋಜ ಕೆರೆಯ ಊರಾದ ಕುಂದೂರಿನವಳು. ಮದುವೆಯಾದಂದಿನಿಂದ ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ: "ಒಂದ್ಸಲ ಸಮುದ್ರದ್ ನೀರಲ್ಲಿ ಕಾಲಿಡ್ಬೇಕು ಕಣ್ರೀ." ತೊಂಬತ್ತರ ದಶಕದ ಕೊನೆಯಲ್ಲಿ, ಕೊಯ್ಲು ಮುಗಿದ ಒಂದು ಬೇಸಿಗೆ, ಕಾಫಿ ಒಣಹಾಕುವ ಟಾರ್ಪಾಲನ್ನೇ ಸುತ್ತಿಕೊಂಡು ಇಬ್ಬರೂ ಘಟ್ಟ ಇಳಿಯುವ ಬಸ್ಸು ಹತ್ತಿದೆವು. ಕಡಲತೀರದ ಪಾರ್ಕೊಂದರಲ್ಲಿ ಡೇರೆ ಹಾಕಿಕೊಂಡು ಉಳಿಯಲು ಬಿಡುತ್ತಿದ್ದರು. ಗಾಳಿಮರಗಳಿಗೆ ಹಗ್ಗ ಬಿಗಿದು ಟಾರ್ಪಾಲು ಕಟ್ಟಿದ್ದಾಯಿತು. ಸರೋಜ ಮಾತ್ರ ನೀರನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿ ಬಿಳಿಚಿಕೊಂಡಳು.

"ಇಷ್ಟೊಂದ್ ನೀರು ಐತೆ, ಏರಿನೇ ಇಲ್ವಲ್ರೀ! ಕೋಡಿನೂ ಕಾಣಕ್ಕಿಲ್ಲ."

ಊರ ಕೆರೆ ನೋಡಿಯೇ ಬೆಳೆದವಳು. ಏರಿ ಇಲ್ಲದೆ ನೀರು ನಿಲ್ಲುತ್ತದೆಂದರೆ ಹೇಗೆ ನಂಬಿಯಾಳು? ಡೇರೆಯೊಳಗೆ ಮುದುಡಿ ಕುಳಿತು, "ಸಂಜೆ ಬಸ್ಸಿಗೇ ಹೋಗ್ಬುಡಾನ" ಎಂದಳು. ಇಷ್ಟು ವರ್ಷದ ಆಸೆ, ಇಷ್ಟು ಹತ್ತಿರ ಬಂದು ಹಿಂದಿರುಗುವುದೇ?

"ಏರಿ ತಾನೆ? ನಾನ್ ಹಾಕ್ತೀನಿ ಬಿಡು" ಎಂದು ಪಂಚೆ ಎತ್ತಿ ಕಟ್ಟಿ, ಊಟದ ತಟ್ಟೆಯಲ್ಲೇ ಮರಳು ತೋಡಿ, ಡೇರೆಯ ಮುಂದೆ ಮೊಣಕಾಲೆತ್ತರ ಏರಿ ಹಾಕಿದೆ. ಹೆಚ್ಚಾದ ನೀರು ಹರಿದುಹೋಗಲು ಮರೆಯದೆ ಕೋಡಿಯನ್ನೂ ಬಿಟ್ಟೆ. ಪಾರ್ಕಿನ ಕಾವಲುಗಾರ ಬಂದು, "ಎಂಥ ಮಾರಾಯ್ರೇ, ಸಮುದ್ರಕ್ಕೆ ಕಟ್ಟ ಹಾಕುವುದಾ? ಈಗ ನೀರು ಏರುವ ಹೊತ್ತು" ಎಂದ. ನಾನು ರೈಟರ್ ಗತ್ತಿನಲ್ಲಿ ಸುಮ್ಮನೆ ನಕ್ಕೆ. ಸರೋಜ ಧೈರ್ಯ ಮಾಡಿ ಹೊರಗೆ ಬಂದು ಏರಿಯ ಮೇಲೆ ಕುಳಿತಳು.

ಆಗ ಬಂತು ನೋಡಿ ಒಂದು ಅಲೆ. ಏರಿ, ಕೋಡಿ, ತಟ್ಟೆ ಎಲ್ಲವೂ ಒಟ್ಟಿಗೆ ಹೋದವು. ಕಣ್ಣು ಬಿಟ್ಟಾಗ ನಾನು ಗಾಳಿಮರವನ್ನು ತಬ್ಬಿಕೊಂಡಿದ್ದೆ. ಸರೋಜ ಕುಳಿತಲ್ಲೇ ಇದ್ದಳು, ಸೊಂಟದವರೆಗೂ ನೆನೆದು, ಮಗುವಿನ ಹಾಗೆ ನಗುತ್ತಾ. ಅವಳು ಹಾಗೆ ನಕ್ಕದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನನಗೆ ಕಣ್ಣು ತುಂಬಿತು.

"ಬನ್ರೀ, ಏನೂ ಮಾಡಕ್ಕಿಲ್ಲ. ಬಂದಂಗೇ ವಾಪಸ್ ಹೋಯ್ತದೆ" ಎಂದು ಕೈ ಚಾಚಿದಳು.

ಈಗಲೂ ಬದು ಸರಿಯಿಲ್ಲವೆಂದು ನಾನು ಆಳುಗಳನ್ನು ಗದರಿದರೆ, "ಹೇಳ್ದಂಗೆ ಕೇಳ್ರಪ್ಪ, ಸಮುದ್ರಕ್ಕೇ ಏರಿ ಹಾಕ್ದೋರು" ಎನ್ನುತ್ತಾಳೆ. ನಾನು ಮರ ತಬ್ಬಿಕೊಂಡ ವಿಷಯವನ್ನು ಮಾತ್ರ ಅವಳು ಯಾರಿಗೂ ಹೇಳಿಲ್ಲ. ಅದನ್ನು ಮುಚ್ಚಿಡಲು ಅವಳು ಕೇಳಿದ್ದು, ಪ್ರತಿ ಬೇಸಿಗೆ ಒಮ್ಮೆ ಸಮುದ್ರ. ಈಗ ನಾನೇ ನಿಮ್ಮೆದುರು ಬಾಯಿಬಿಟ್ಟಾಯಿತು, ಇನ್ನು ಹೋಗಲೇಬೇಕೆಂದೇನಿಲ್ಲ. ಆದರೂ ಈ ಸಲದ ಟಾರ್ಪಾಲನ್ನು ಆಗಲೇ ಸುತ್ತಿಟ್ಟಿದ್ದೇನೆ.