ನಂಜುವಿನ ಪ್ಯಾಂಟಿಗೆ ಕ್ಲಿಪ್ಪೋ, ಗುಂಡಿಯೋ?

ಗಂಡ ವಿಮಾನದಿಂದಿಳಿದು ಹೊರಗೆ ಕಾಲಿಡುವ ಹೊತ್ತಿಗೆ ಮಗ ಹೇಗೆ ನಿಂತಿರಬೇಕು ಎಂಬುದನ್ನು ಪ್ರಫುಲ್ಲಾ ಒಂದು ತಿಂಗಳ ಮೊದಲೇ ತೀರ್ಮಾನಿಸಿಬಿಟ್ಟಿದ್ದಳು. ತಲೆ ಬಾಚಿರಬೇಕು. ಫುಲ್ ಪ್ಯಾಂಟು ಹಾಕಿರಬೇಕು. ಅಪ್ಪನ ಮುಖ ಕಂಡದ್ದೇ ತಡ, "ಅಪ್ಪಾ!" ಎಂದು ಕೂಗಿ ಓಡಬೇಕು. ಓಡುವಾಗ ಪ್ಯಾಂಟು ಅಲ್ಲೇ ಉಳಿದು ಮಗ ಮಾತ್ರ ಮುಂದೆ ಹೋಗಬಾರದು!

"ಮೊದಲನೇ ನೋಟ ಅನ್ನೋದು ಒಂದೇ ಸಲ ಬರೋದು ಅತ್ತೆ. ಅದರಲ್ಲಿ ಒಂದು ಎಳೆ ಹೆಚ್ಚುಕಮ್ಮಿ ಆಗೋಕೆ ನಾನು ಬಿಡೋಲ್ಲ," ಎಂದು ಆಕೆ ಸಾರಿದಳು. ದಂಡಯಾತ್ರೆಗೆ ಹೊರಟ ರಾಣಿಯರೂ ಇಷ್ಟು ಗತ್ತಿನಿಂದ ಸಾರಿರಲಿಕ್ಕಿಲ್ಲ. ಹೂರಣ ರುಬ್ಬಲು ಬೇಳೆ ಆರಿಸುತ್ತಿದ್ದ ಅತ್ತೆ ಸುಬ್ಬಲಕ್ಷ್ಮಿ ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ ಮತ್ತೆ ಬೇಳೆಗೆ ಇಳಿದರು.

ಸತ್ಯಮೂರ್ತಿ ಮಸ್ಕತ್ತಿಗೆ ಹೋಗಿ ಇಪ್ಪತ್ತೆಂಟು ತಿಂಗಳಾಗಿತ್ತು. ಹೋಗುವಾಗ ನಂಜುಂಡ ಐದು ತಿಂಗಳ ಕೂಸು, ಲಂಗೋಟಿಯ ದಿನಗಳು. ಈಗ ಚೆಂಬೂರಿನ ಆ ಒಂದೂವರೆ ಕೋಣೆಯಲ್ಲಿ ಅವನು ಕಾಲಿಡದ ಜಾಗ, ಎಳೆಯದ ವಸ್ತು, ಕೇಳದ ಪ್ರಶ್ನೆ ಉಳಿದಿರಲಿಲ್ಲ. ಗೋಡೆಯ ಮೇಲಿನ ಮೀಸೆಯ ಫೋಟೋ ತೋರಿಸಿ "ಇದು ಯಾರು?" ಎಂದರೆ "ಅಪ್ಪ" ಎನ್ನುವುದನ್ನು ಪ್ರಫುಲ್ಲಾ ಕಲಿಸಿದ್ದಳು. ಹಾಗೆ ಅಂದಾಗಲೆಲ್ಲ ಅವಳಿಗೆ ಸಂತೋಷವಾಗುತ್ತಿತ್ತು. ಮರುಗಳಿಗೆ ಭಯವೂ ಆಗುತ್ತಿತ್ತು. ಫೋಟೋಕ್ಕೆ ಅಪ್ಪ ಎನ್ನುವ ಮಗು ನಿಜವಾದ ಅಪ್ಪನನ್ನು ಕಂಡು ತನ್ನ ಸೆರಗಿನ ಹಿಂದೆ ಅವಿತುಕೊಂಡರೆ? ಅಷ್ಟು ದೂರದಿಂದ ಬಂದವರ ಮುಖ ಆಗ ಹೇಗಾಗಬಹುದು? ಡೈರಿಯಲ್ಲಿ ಇದನ್ನು ಬರೆಯಲು ಹೋಗಿ, ಬರೆದರೆ ನಿಜವಾದೀತೆಂದು ಹೆದರಿ, ಆವತ್ತಿನ ಪುಟದಲ್ಲಿ ಹಾಲಿನವನು ಬಾರದ ವಿಷಯ ಬರೆದಿಟ್ಟಳು.

ಬಾಗಿಲ ಹಿಂದಿನ ಗೂಟದಲ್ಲಿ ಗಂಡನ ಕಂದು ಬಣ್ಣದ ಟೆರಿವುಲ್ ಪ್ಯಾಂಟು ನೇತಾಡುತ್ತಿತ್ತು. ಮದುವೆಯ ಆರತಕ್ಷತೆಗೆ ಹೊಲಿಸಿದ್ದು. ಮಸ್ಕತ್ತಿನ ಸೆಕೆಗೆ ಆಗದೆಂದು ಬಿಟ್ಟುಹೋಗಿದ್ದ. ಮಧ್ಯಾಹ್ನ ಬಾಗಿಲು ಹಾಕಿದಾಗ ಅಲ್ಲಿ ಯಾರೋ ನಿಂತಂತೆ ಕಾಣುತ್ತಿತ್ತು. ಯಾರೂ ತೊಡದ ಪ್ಯಾಂಟನ್ನು ತಿಂಗಳಿಗೊಮ್ಮೆ ಒಗೆದು ಇಸ್ತ್ರಿ ಮಾಡುವ ಇನ್ನೊಬ್ಬ ಹೆಂಗಸು ಇಡೀ ಮುಂಬಯಿಯಲ್ಲಿ ಇದ್ದಳೋ ಇಲ್ಲವೋ!

ಅದನ್ನೇ ಕತ್ತರಿಸಿ ಮಗನಿಗೆ ಹೊಲಿಯುವುದೆಂದು ಅವಳು ಕತ್ತರಿ ಎತ್ತಿದಾಗ ಸುಬ್ಬಲಕ್ಷ್ಮಿ ಎದೆ ಹಿಡಿದುಕೊಂಡರು.

"ಊರಲ್ಲಿಲ್ಲದ ಗಂಡಸಿನ ಬಟ್ಟೆಗೆ ಕತ್ತರಿ ಹಾಕ್ತೀಯೇನೇ?"

"ಊರಿಗೆ ಬರ್ತಾ ಇದಾರಲ್ಲ ಅತ್ತೆ, ಅದಕ್ಕೇ ಹಾಕ್ತಿರೋದು. ತಮ್ಮ ಬಟ್ಟೇಲಿ ತಮ್ಮ ಮಗನ್ನ ನೋಡ್ಲಿ."

"ಬಂದೋನು ನನ್ನ ಪ್ಯಾಂಟೆಲ್ಲೇ ಅಂತ ಕೇಳಿದರೆ?"

"ಮಗನ ಮೈಮೇಲಿದೆ ಅಂತೀನಿ."

ಮಹಿಳಾ ಮಂಡಳದಲ್ಲಿ ಆರು ವಾರ ಹೊಲಿಗೆ ಕಲಿತವಳು. ಪ್ಯಾಂಟು ಚೆನ್ನಾಗಿಯೇ ಬಂತು. ಎಳೆ ಮಗುವಿಗೆ ಜಿಪ್ಪು ಅಪಾಯವೆಂದು ಮುಂದೆ ಜಿಪ್ಪಿನ ಜಾಗದಲ್ಲಿ ತೋರಿಕೆಯ ಹೊಲಿಗೆ ಮಾತ್ರ ಹಾಕಿ, ಮೇಲಿನಿಂದ ಹಾಗೇ ಏರಿಸಿಕೊಳ್ಳಲು ಸೊಂಟ ಅಗಲ ಇಟ್ಟಳು. ಆದರೆ ನಂಜುವಿಗೆ ಹೊಟ್ಟೆಯಿತ್ತು, ಸೊಂಟವಿರಲಿಲ್ಲ! ಏರಿಸಿದ ಪ್ಯಾಂಟು ಮೂರು ಹೆಜ್ಜೆಗೆ ಮೊಣಕಾಲಿಗೆ ಬಂದು ಸಾಷ್ಟಾಂಗ ಹಾಕುತ್ತಿತ್ತು. ಎಲಾಸ್ಟಿಕ್ ಹಾಕಿದರೆ ಅದು ಚಡ್ಡಿಯಾಗುತ್ತದೆ, ಪ್ಯಾಂಟಿನ ಮರ್ಯಾದೆ ಹೋಗುತ್ತದೆ. ಉಳಿದ ದಾರಿ ಒಂದೇ. ಗ್ಯಾಲಿಸ್! ಹೆಗಲ ಮೇಲಿಂದ ಇಳಿದುಬಂದು ಪ್ಯಾಂಟನ್ನು ಎತ್ತಿ ಹಿಡಿಯುವ ಜೋಡಿ ಪಟ್ಟಿ.

ಕುರ್ಲಾ ಸ್ಟೇಷನ್ನಿನ ಹತ್ತಿರ ಲಾಲಸಾಬನ ಟೈಲರ್ ಅಂಗಡಿ. ವಿಜಾಪುರದ ಕಡೆಯವನು. ಕನ್ನಡದವರು ಬಂದರೆ ಮಷೀನು ನಿಲ್ಲಿಸಿ ಚಹಾ ತರಿಸುತ್ತಿದ್ದ. ಎರಡು ಬಗೆಯ ಗ್ಯಾಲಿಸನ್ನು ಮೇಜಿನ ಮೇಲೆ ಹರಡಿದ.

"ಇದು ಕ್ಲಿಪ್ಪಿಂದು ನೋಡ್ರಿ ಅಕ್ಕಾರ. ಬಾಯಿ ತಗದು ಬಟ್ಟಿ ಕಚ್ಚತೈತಿ. ಇದು ಗುಂಡೀದು. ಪ್ಯಾಂಟಿಗೆ ಮುಂದ ಎರಡು, ಹಿಂದ ಎರಡು ಗುಂಡಿ ಹಚ್ಚೂದು, ಪಟ್ಟಿ ತುದೀಗೆ ಕಾಜಾ ಇರತಾವ, ಸಿಗಿಸೂದು."

"ಯಾವುದು ಒಳ್ಳೇದು?"

"ಕ್ಲಿಪ್ಪು ಅಂದ್ರ ಬಾಡಿಗಿ ಮನಿ ಇದ್ದಂಗ್ರಿ, ಯಾವಾಗ ಬಿಡಿಸ್ತಾರೋ ಗೊತ್ತಿಲ್ಲ. ಗುಂಡಿ ಅಂದ್ರ ಸಂಸಾರ!"

"ನಂಗೆ ಕ್ಲಿಪ್ಪೇ ಕೊಡಿ," ಎಂದಳು ಪ್ರಫುಲ್ಲಾ. ಗುಂಡಿ ಹಳೇ ಕಾಲದ್ದು. ಫಾರಿನ್ನಿಂದ ಬರುವವರ ಮುಂದೆ ಹಳೇ ಕಾಲವೇ?

ಕ್ಲಿಪ್ಪು ಎರಡು ದಿನ ಚೆನ್ನಾಗಿ ನಡೆಯಿತು. ಮೂರನೆಯ ದಿನ ಅದರ ಬಾಯಿ ತೆರೆಯುವ ವಿದ್ಯೆಯನ್ನು ನಂಜು ಕಲಿತ. ಕಲಿತದ್ದನ್ನು ಎಲ್ಲಿ ಪ್ರಯೋಗಿಸುವುದು? ಅಜ್ಜಿ ದೇವರ ಮುಂದೆ ಕಣ್ಣು ಮುಚ್ಚಿ ಕೂತಿದ್ದರು. ಮುಂದಿನ ಎರಡೂ ಕ್ಲಿಪ್ಪನ್ನು ಪ್ಯಾಂಟಿನಿಂದ ಬಿಡಿಸಿ ಅಜ್ಜಿಯ ಸೆರಗಿಗೆ ಕಚ್ಚಿಸಿದ. ಮಂಗಳಾರತಿಗೆ ಅಜ್ಜಿ ಎದ್ದರು. ಪಟ್ಟಿ ಹಿಗ್ಗಿತು. ಒಂದು ಹೆಜ್ಜೆ ಇಟ್ಟರು. ಇನ್ನೂ ಹಿಗ್ಗಿತು. ಯಾರೋ ಸೆರಗು ಎಳೆದ ಹಾಗಾಗಿ "ಅಯ್ಯೋ ರಾಮಾ!" ಎಂದು ತಿರುಗಿದ್ದೇ, ಪ್ಯಾಂಟಿನ ಹಿಂದಿನ ಕ್ಲಿಪ್ಪುಗಳು ಬಾಯಿ ಬಿಟ್ಟು ಬಾಣದಂತೆ ಹಾರಿ ಒಂದು ಪೂಜೆಯ ಗಂಟೆಗೆ ಬಡಿಯಿತು, ಇನ್ನೊಂದು ಗಂಧದ ಬಟ್ಟಲನ್ನು ಉರುಳಿಸಿತು. ಪೂಜೆ ಘಂಟಾನಾದದೊಂದಿಗೆ ಮುಗಿಯಿತು.

"ನಾಳೆ ಅವನಪ್ಪ ಬರೋ ಹೊತ್ತಲ್ಲಿ ವಿಮಾನಕ್ಕೇ ಸಿಕ್ಕಿಸ್ತಾನೆ ಕಣೇ ಇವನು!" ಎಂದು ಸುಬ್ಬಲಕ್ಷ್ಮಿ ಸೆರಗಿನ ತೂತು ತೋರಿಸಿದರು.

ಪ್ರಫುಲ್ಲಾ ಮತ್ತೆ ಕುರ್ಲಾಕ್ಕೆ ಹೋದಳು.

"ಹೇಳಿದ್ನಿಲ್ರೀ?" ಎಂದ ಲಾಲಸಾಬ, ಗೆದ್ದ ನಗು ನಗುತ್ತ. "ಮುಂದಿನ ಗುಂಡೀನೂ ಹಿಂದಿನ್ವೂ ನಾನಽ ಹಚ್ಚಿಕೊಡತೀನಿ ಬಿಡ್ರಿ. ಹಿಂದಿನ ಗುಂಡಿ ದಾರಕ್ಕ ಸ್ವಲ್ಪ ಕುತ್ತಿಗಿ ಬಿಟ್ಟು ಸಡ್ಲ ಹಚ್ಚಬೇಕ್ರಿ, ಸಣ್ಣ ಹುಡುಗ, ಗಡಿಬಿಡ್ಯಾಗ ಬಿಚ್ಚಲಿಕ್ಕೆ ಬೇಕಾಗತೈತಿ."

"ಸಡಿಲ ಅನ್ನೋ ಮಾತೇ ಬೇಡ ಲಾಲಸಾಬ್ರೇ. ನಾನೇ ಹಚ್ಕೋತೀನಿ, ಕ್ಲಾಸ್ ಮಾಡಿದೀನಿ."

"ನಿಮ್ಮ ಮರ್ಜಿ ಅಕ್ಕಾರ," ಎಂದು ಅವನು ಗುಂಡಿಯ ಗ್ಯಾಲಿಸು, ನಾಲ್ಕು ಗುಂಡಿ ಪೊಟ್ಟಣ ಕಟ್ಟಿಕೊಟ್ಟ.

ಅವಳು ಗುಂಡಿಗಳನ್ನು ಬಟ್ಟೆಗೆ ಅಂಟಿಸಿದಂತೆ ಬಿಗಿಯಾಗಿ ಹೊಲಿದಳು. ಪಟ್ಟಿ ಹೆಗಲಿನಿಂದ ಜಾರದಂತೆ ಎದೆಯ ಮೇಲೊಂದು ಅಡ್ಡಪಟ್ಟಿ ಕೂಡಿಸಿದಳು. ಹಿಂದೆ ಕತ್ತರಿ ಆಕಾರಕ್ಕೆ ಸೇರಿಸಿ ಅಲ್ಲಿಯೂ ಹೊಲಿದಳು. ವಿಮಾನ ನಿಲ್ದಾಣಕ್ಕೆ ಹೊರಡುವ ದಿನ ಬೆಳಿಗ್ಗೆ, ಟ್ಯಾಕ್ಸಿ ಕೆಳಗೆ ಹಾರನ್ ಹೊಡೆಯುತ್ತಿರುವಾಗ, ಹಿಂದಿನ ಒಂದು ಕಾಜಾ ಸಡಿಲವಾಗಿ ಕಂಡಿತು. ಸೂಜಿ ತೆಗೆದು, ಮಗನನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು, ಎರಡೂ ಕಾಜಾಗಳ ಬಾಯಿಯನ್ನು ಗುಂಡಿಯ ಸುತ್ತಲೇ ಬಿಗಿದುಬಿಟ್ಟಳು.

"ಮೈಮೇಲಿರೋವಾಗ ಹೊಲೀಬಾರದು ಕಣೇ!"

"ಒಂದೇ ಒಂದು ಹೊಲಿಗೆ ಅತ್ತೆ."

ಹನ್ನೆರಡು ಹಾಕಿದ್ದಳು. ನಂಜುವನ್ನು ಕುಣಿಸಿದಳು, ಹಾರಿಸಿದಳು, ಕಂಕುಳಲ್ಲಿ ಹಿಡಿದು ತಲೆಕೆಳಗು ಮಾಡಿದಳು. ಪ್ಯಾಂಟು ಅಲುಗಲಿಲ್ಲ. ಭೂಕಂಪಕ್ಕೂ ಅಲುಗುವಂತಿರಲಿಲ್ಲ! ಉಳಿಯುತ್ತದೆಯೇ ಎಂದು ಇಷ್ಟೆಲ್ಲ ಪರೀಕ್ಷೆ ಮಾಡಿದ ಮಹಾತಾಯಿ, ಬಿಚ್ಚಲು ಬರುತ್ತದೆಯೇ ಎಂದು ಮಾತ್ರ ನೋಡಲಿಲ್ಲ.

ಆರತಿಗೆಂದು ಅತ್ತೆ ಮನೆಯಲ್ಲೇ ಉಳಿದರು. ತಾಯಿ ಮಗ ಇಬ್ಬರೇ ಸಹಾರ್ ವಿಮಾನ ನಿಲ್ದಾಣದ ಕಂಬಿ ಹಿಡಿದು ನಿಂತರು. ಹತ್ತೂವರೆಗೆ ಬರಬೇಕಾದ ವಿಮಾನ ಹನ್ನೆರಡೂವರೆಗೆ ಬರುವುದೆಂದು ಬೋರ್ಡು ಹೇಳಿತು. ಇಪ್ಪತ್ತೆಂಟು ತಿಂಗಳು ಕಾದವಳಿಗೆ ಎರಡು ಗಂಟೆ ಏನು ಮಹಾ ಎಂದುಕೊಂಡಳು. ಆದರೆ ಆ ಎರಡು ಗಂಟೆಯೇ ಎಲ್ಲಕ್ಕಿಂತ ಉದ್ದವಾಗಿತ್ತು. ಬೇರೆ ವಿಮಾನದವರು ಟ್ರಾಲಿ ತಳ್ಳಿಕೊಂಡು ಬರುತ್ತಿದ್ದರು. ಮೀಸೆಯಿದ್ದವರೆಲ್ಲ ಅರೆಗಳಿಗೆ ಅವನಂತೆ ಕಂಡು, ಹತ್ತಿರ ಬಂದು ಬೇರೆ ಯಾರೋ ಆಗಿ ದಾಟಿಹೋಗುತ್ತಿದ್ದರು. ಅವನ ದನಿ ಹೇಗಿತ್ತು ಎಂದು ನೆನಪಿಸಿಕೊಳ್ಳಲು ಹೋದಳು. ಪಕ್ಕದ ಬಿಲ್ಡಿಂಗಿನ ಫೋನಿನಲ್ಲಿ ಕೇಳಿದ ಗೊರಗೊರ ಸದ್ದಷ್ಟೇ ನೆನಪಾಯಿತು. ಮೊದಲ ಮಾತು ಏನಾಡಬೇಕೆಂದು ಡೈರಿಯಲ್ಲಿ ಹನ್ನೊಂದು ವಾಕ್ಯ ಬರೆದು ಹತ್ತನ್ನು ಹೊಡೆದುಹಾಕಿದ್ದಳು. ಹನ್ನೊಂದನೆಯದನ್ನು ಬಾಯಲ್ಲೇ ಮತ್ತೆ ಮತ್ತೆ ಹೇಳಿಕೊಂಡಳು.

ನಂಜು ರಗಳೆ ತೆಗೆದ. ಸುಮ್ಮನಿರಲೆಂದು ಕಿತ್ತಳೆ ಬಣ್ಣದ ಸೋಡಾ ಕೊಡಿಸಿದಳು. ಇಡೀ ಬಾಟಲಿ ಕುಡಿದ. ಅರ್ಧ ಗಂಟೆ ಸುಮ್ಮನಿದ್ದ. ಬೋರ್ಡಿನಲ್ಲಿ ಮಸ್ಕತ್ತಿನ ವಿಮಾನ ಇಳಿಯಿತೆಂದು ಅಕ್ಷರಗಳು ಟಪಟಪನೆ ಮಗುಚಿದವು. ಅವಳ ಎದೆಯೂ ಮಗುಚಿತು. ಜನ ಹೊರಬರಲು ತೊಡಗಿದರು.

"ಅಮ್ಮಾ, ಸುಸು!"

"ಈಗಲ್ಲ ಪುಟ್ಟಾ, ಅಪ್ಪ ಬರ್ತಾರೆ."

"ಬರ್ತಾ ಇದೆ!"

"ಅಪ್ಪ ಬರ್ತಿದಾರಾ? ಎಲ್ಲಿ?"

"ಸುಸು ಬರ್ತಾ ಇದೆ!"

ಮಗನನ್ನು ಎತ್ತಿಕೊಂಡು ಕಂಬದ ಆಚೆಯ ಗಿಡಗಳ ಬೇಲಿಗೆ ಓಡಿದಳು. ಪಟ್ಟಿಯನ್ನು ಹೆಗಲಿನಿಂದ ಜಾರಿಸಲು ನೋಡಿದಳು, ಅಡ್ಡಪಟ್ಟಿ ಬಿಡಲಿಲ್ಲ. ಮುಂದಿನ ಗುಂಡಿ ಸೋಡಾ ತುಂಬಿದ ಹೊಟ್ಟೆಗೆ ಬಿಗಿದು ಬೆರಳಿಗೇ ಸಿಗಲಿಲ್ಲ. ಹಿಂದಿನ ಗುಂಡಿಗೆ ಕೈ ಹಾಕಿದಳು. ಉಗುರು ಮುರಿಯಿತು, ಗುಂಡಿ ಮಿಸುಕಲಿಲ್ಲ. ಸಂಸಾರ ಅಂದರೆ ಸಂಸಾರ! ನಂಜು ಒಂಟಿಕಾಲಲ್ಲಿ ಕುಣಿಯುತ್ತಿದ್ದ. ಕೊನೆಗೆ ನೆಲಕ್ಕೆ ಮಂಡಿಯೂರಿ, ಮಗನ ಬೆನ್ನಿಗೆ ಮುಖವಿಟ್ಟು ದಾರಕ್ಕೆ ಹಲ್ಲು ಹಾಕಿದಳು. ಅವನು ಕುಣಿದಂತೆ ಅವಳ ತಲೆಯೂ ಕುಣಿಯಿತು. ಆರು ತಿಂಗಳು ಎತ್ತಿಟ್ಟಿದ್ದ ರೇಷ್ಮೆ ಸೀರೆ ಧೂಳಾಯಿತು, ಮುಡಿದ ಮಲ್ಲಿಗೆ ಕಿವಿಗೆ ಬಂತು.

ಪಕ್ಕದಲ್ಲೊಂದು ಟ್ರಾಲಿ ನಿಂತಿತು. ಎರಡು ಕಪ್ಪು ಬೂಟು ಕಂಡವು. ತಲೆಯೆತ್ತುವಂತಿರಲಿಲ್ಲ, ದಾರ ಹಲ್ಲಿನಲ್ಲಿತ್ತು. ಹಲ್ಲು ಕಚ್ಚಿಕೊಂಡೇ ಕೂಗಿದಳು:

"ಭಾಯ್‌ಸಾಬ್! ಭಾಯ್‌ಸಾಬ್, ಜರಾ ಬಚ್ಚೇ ಕೋ ಪಕಡೋ ನಾ!"

ಬೂಟಿನವನು ತಕ್ಷಣ ಕುಕ್ಕರಿಸಿ ನಂಜುವಿನ ಹೆಗಲು ಹಿಡಿದುಕೊಂಡ. ಟಪ್ಪೆಂದು ಒಂದು ದಾರ, ಟಪ್ಪೆಂದು ಇನ್ನೊಂದು. ಪ್ಯಾಂಟು ಇಳಿಯಿತು. ಕಿತ್ತಳೆ ಸೋಡಾ ಗಂಗಾವತರಣದಂತೆ ನೇರ ಆ ಬೂಟುಗಳ ಮೇಲೆ ಧುಮುಕಿತು!

"ಸಾರಿ ಭಾಯ್‌ಸಾಬ್! ಬಹುತ್ ಸಾರಿ ಭಾಯ್‌ಸಾಬ್!"

"ಇರಲಿ ಬಿಡೇ. ಮಗೂದು," ಎಂದಿತು ಕನ್ನಡದ ದನಿ.

ಪ್ರಫುಲ್ಲಾ ತಲೆಯೆತ್ತಿದಳು. ಮೀಸೆಯಿರಲಿಲ್ಲ. ಕೆನ್ನೆ ಒಳಗೆ ಹೋಗಿತ್ತು, ಬಣ್ಣ ಕಂದಿತ್ತು, ಹಣೆ ಎರಡು ಬೆರಳು ದೊಡ್ಡದಾಗಿತ್ತು. ಕಣ್ಣು ಮಾತ್ರ ಅದೇ. ಹನ್ನೊಂದನೆಯ ವಾಕ್ಯ ಹೇಳಲು ಬಾಯಿ ತೆರೆದಳು. ಬಾಯಲ್ಲಿ ಗುಂಡಿಯಿತ್ತು.

"ಕಂಬಿ ಹತ್ರ ಎಲ್ಲ ಹುಡುಕಿದೆ," ಎಂದ ಸತ್ಯಮೂರ್ತಿ. "ನೀನು ಕಾಣಲಿಲ್ಲ. ಇವನು ಯಾರು ಅಂತ ಹೇಗೆ ಗೊತ್ತಾಗ್ಬೇಕು? ಈ ಬಟ್ಟೆ ಕಣ್ಣಿಗೆ ಬಿತ್ತು. ಈ ಪ್ಯಾಂಟು ನಂಗೆ ಗೊತ್ತಲ್ಲ ಅನ್ಕೊಂಡೆ."

ಅವಳು ಗುಂಡಿ ಉಗಿದು, ಅತ್ತುಬಿಟ್ಟಳು. ಆಮೇಲೆ ಕರವಸ್ತ್ರದಿಂದ ಮೊದಲು ಅವನ ಬೂಟು ಒರೆಸಿ, ಅದೇ ವಸ್ತ್ರದಿಂದ ಕಣ್ಣೊರೆಸಿಕೊಳ್ಳಲು ಹೋಗಿ ತಡೆದಳು.

ನಂಜುವಿಗೆ ಹೊಸಬರ ಅಂಜಿಕೆ ಒಂದು ಚೂರೂ ಇರಲಿಲ್ಲ. ಆಪತ್ಕಾಲದಲ್ಲಿ ಕೈಹಿಡಿದವನಲ್ಲವೇ! ತಾನಾಗಿಯೇ ಎರಡೂ ಕೈ ಚಾಚಿ ಹೆಗಲೇರಿದ. ಅವಳು ತಿಂಗಳುಗಟ್ಟಲೆ ಹೆದರಿದ್ದು ಒಂದು ಕ್ಷಣದಲ್ಲಿ ಕರಗಿಹೋಯಿತು. ಟ್ಯಾಕ್ಸಿ ಅಂಧೇರಿ ದಾಟುವಾಗ ಅವನು ಹೊಸ ಗೆಳೆಯನ ಮೂಗು ಹಿಡಿದು ಸ್ಪಷ್ಟವಾಗಿ ಕರೆದ:

"ಭಾಯ್‌ಸಾಬ್!"

"ಅಪ್ಪ ಅನ್ನು ಪುಟ್ಟಾ. ಅಪ್ಪ."

"ಅಪ್ಪ ಮನೇಲಿದಾರೆ. ಗೋಡೇಲಿ. ಇದು ಭಾಯ್‌ಸಾಬ್."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ಪ್ರಫುಲ್ಲಾ ಕುರ್ಲಾದವರೆಗೂ "ಅಪ್ಪ, ಅಪ್ಪ" ಎಂದು ಜಪಿಸಿದಳು. ಸತ್ಯಮೂರ್ತಿ ನಗುತ್ತ ಕಿಟಕಿಯ ಕಡೆ ತಿರುಗಿದ. ತಿರುಗಿದವನು ಸ್ವಲ್ಪ ಹೊತ್ತು ಈ ಕಡೆ ತಿರುಗಲಿಲ್ಲ.

"ಅತ್ತೆಗೆ ಮಾತ್ರ ಹೇಳ್ಬೇಡಿ," ಎಂದು ಅವಳು ಅಂಗಲಾಚಿದಳು.

ಸುಬ್ಬಲಕ್ಷ್ಮಿ ಹೊಸ್ತಿಲಲ್ಲಿ ಕೆಂಪು ನೀರಿನ ತಟ್ಟೆ ಹಿಡಿದು ನಿಂತಿದ್ದರು. ಮಗ ಮೆಟ್ಟಿಲೇರಿ ಬಂದ. ಅವನ ಹೆಗಲ ಮೇಲೆ, ಪ್ಯಾಂಟಿಲ್ಲದ ಮೊಮ್ಮಗ, ಪ್ರಪಂಚ ಗೆದ್ದವನಂತೆ ಕೂತು ಘೋಷಿಸಿದ:

"ಅಜ್ಜೀ, ಭಾಯ್‌ಸಾಬ್ ಬಂದ್ರು!"

ತಟ್ಟೆ ಗಾಳಿಯಲ್ಲೇ ನಿಂತಿತು. "ಹಾಗಂತ ಯಾರೋ ಹೇಳ್ಕೊಟ್ಟಿದ್ದು?"

ನಂಜು ಸತ್ಯಸಂಧ. ಬೆರಳು ನೇರ ತಾಯಿಯ ಕಡೆ ಹೋಯಿತು.

"ಕಟ್ಕೊಂಡ ಗಂಡನ್ನ ಅಣ್ಣ ಅಂದ್ಯೇನೇ, ಪುಣ್ಯಾತ್ಗಿತ್ತೀ!"

"ಬೈಬೇಡಮ್ಮ," ಎಂದ ಸತ್ಯಮೂರ್ತಿ. "ನಲವತ್ತು ದಿನ ರಜ ಇದೆ. ಅಷ್ಟರೊಳಗೆ ಅಪ್ಪ ಆಗೋಕೆ ಆಗುತ್ತಾ ನೋಡ್ತೀನಿ."

"ಮಕ್ಕಳು ತಾಯಿ ಬಾಯಿಂದ ಕಲಿಯೋದು. ನೀನು ಮೊದಲು ಗಂಡನ್ನ ಸರಿಯಾಗಿ ಕರಿ, ಕೇಳಿಸ್ಕೊಳ್ಳಲಿ," ಎಂದು ಅತ್ತೆ ಅಪ್ಪಣೆ ಕೊಡಿಸಿದರು.

ಪ್ರಫುಲ್ಲಾ ಸೆರಗು ಸರಿಮಾಡಿಕೊಂಡಳು. ಇಪ್ಪತ್ತೆಂಟು ತಿಂಗಳಿಂದ ನಾಲಿಗೆಯ ಮೇಲೆ ಬರದಿದ್ದ ಒಂದೇ ಒಂದು ಅಕ್ಷರ ಈಗ ತುಟಿಗೆ ಬಂತು. ಗಂಡನ ಮುಖ ನೋಡಿ ಮೆಲ್ಲನೆ ಕರೆದಳು.

"ರೀ…"

ನಂಜು ಗಮನವಿಟ್ಟು ಕೇಳಿಸಿಕೊಂಡ. ಅಪ್ಪನ ಎರಡೂ ಕಿವಿ ಹಿಡಿದು, ಬಗ್ಗಿ, ಅಮ್ಮನಿಗಿಂತ ಮಧುರವಾಗಿ ಕರೆದ:

"ರೀ…!"